ನುಸಿ ಪುಡಿ

ಪಾರ್ವತವ್ವನ ಫೋನು ಬಂದಾಗ ಶಾಯಿಸ್ತಾ ಇನ್ನೂ ಹಲ್ಲುಜ್ಜುತ್ತಿದ್ದಳು.

“ನಿನ್ನ ಗೂಡಿನ ನುಸಿ ಕಾಟ ತೀರ್ತು ನೋಡವಾ. ಅಕ್ಕಿ ಡಬ್ಬಿ ಸುತ್ತ ಹಾಕೋ ಪುಡಿ ಒಂದ್ ಚಮಚೆ ಸುರುವೀನಿ.”

ಶಾಯಿಸ್ತಾ ಬಾಯಿ ಮುಕ್ಕಳಿಸಿದಳೋ ಇಲ್ಲವೋ, ಸ್ಕೂಟಿ ಹತ್ತಿ ಶಿರಸಿಯಿಂದ ಇಸಳೂರಿಗೆ ಹೊರಟೇಬಿಟ್ಟಳು. ಹಕ್ಕಿಗೂಡಿನ ಹುಳಗಳ ಮೇಲೆ ಎಂಎಸ್ಸಿ ಪ್ರಬಂಧ ಬರೆಯುವವಳು ಅವಳು. ಅಲ್ಲಿ ಪಾರ್ವತವ್ವನ ಹೊಸ ಮನೆಯ ಗೋಡೆಗೆ ಶಾಯಿಸ್ತಾಳೇ ಹೊಡೆದಿದ್ದ ಮರದ ಪೆಟ್ಟಿಗೆಯಲ್ಲಿ ಮಡಿವಾಳ ಹಕ್ಕಿ ನಾಲ್ಕು ಮರಿ ಮಾಡಿತ್ತು. ಪ್ರಬಂಧ ಹಾಳಾಗಲಿ, ಮರಿಗಳು ಉಸಿರಾಡುತ್ತಿದ್ದರೆ ಸಾಕಿತ್ತು. ಮುಂದೊಂದು ಲಾರಿ ದಾರಿ ಬಿಡದೆ ತೆವಳುತ್ತಿತ್ತು. ಅದರ ಡ್ರೈವರನಿಗೆ ಅವಳು ಮನಸ್ಸಿನಲ್ಲೇ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ತಪ್ಪು ಅವಳದೂ ಇತ್ತೆನ್ನಿ. ಮೊನ್ನೆ ಮರಿಯ ರೆಕ್ಕೆಯಡಿ ಹರಿದಾಡುವ ಚುಕ್ಕಿಗಳನ್ನು ತೋರಿಸಿ, “ನುಸಿ ಅಜ್ಜಿ, ರಕ್ತ ಹೀರ್ತಾವೆ” ಅಂದಿದ್ದಳು. ಬನವಾಸಿ ಕಡೆಯ ಒಕ್ಕಲು ಮನೆಯ ಹೆಂಗಸಿಗೆ ನುಸಿ ಅಂದರೆ ಅಕ್ಕಿಗೆ ಬೀಳುವುದು, ಬಿದ್ದರೆ ಪುಡಿ ಹಾಕುವುದು. ಅದರಲ್ಲಿ ಯೋಚಿಸುವುದೇನಿದೆ?

ಪೆಟ್ಟಿಗೆ ತೆರೆದರೆ ಗೂಡೆಲ್ಲ ಬೆಳ್ಳಗೆ. ಶಾಯಿಸ್ತಾ ಮರಿಗಳನ್ನು ಒಂದೊಂದಾಗಿ ಎತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಹಳೆಯ ಗೂಡನ್ನು ತೆಗೆದು, ತೆಂಗಿನ ನಾರು ಹಾಸಿ ಅವನ್ನು ಮತ್ತೆ ಒಳಗಿಟ್ಟಳು. ನಾಲ್ಕೂ ಉಸಿರಾಡುತ್ತಿದ್ದವು, ಒಂದು ಮಾತ್ರ ತಲೆ ಎತ್ತಲಿಲ್ಲ.

“ಎಂತ ಮಾಡಿದ್ರಿ ಅಜ್ಜಿ?”

“ನೀ ಕುಂತು ನುಸಿ ಎಣಿಸ್ಕೋತ ಇದ್ದಿ. ನನಗ ನೋಡಾಕ ಆಗಲಿಲ್ಲ.”

ಶಾಯಿಸ್ತಾ ಹಳೆಯ ಗೂಡನ್ನು ಬಿಡಿಸಿದಳು. ಸಾಸಿವೆಯಷ್ಟು ಸಣ್ಣ ಕರಿ ಹುಳಗಳು ಅಂಗಾತ ಬಿದ್ದಿದ್ದವು.

“ಇವು ನುಸೀನೇ ತಿಂದು ಬದುಕೋ ಹುಳ, ಅಜ್ಜಿ. ಮರಿ ಹಿಕ್ಕೆ ತಿಂದು ಗೂಡು ಚೊಕ್ಕ ಮಾಡೋವೂ ಇದ್ವು. ಎಲ್ಲಾ ಸತ್ತೋದ್ವು.”

ಪಾರ್ವತವ್ವ ಬಗ್ಗಿ ನೋಡಿದಳು. “ಅದನ್ಯಾಕ ಹೇಳಲಿಲ್ಲ ನೀ?”

ಶಾಯಿಸ್ತಾ ಹಳೆಯ ಗೂಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

ಇಬ್ಬರೂ ಅಡುಗೆಮನೆಯ ಬಾಗಿಲ ಹಿಂದೆ ನಿಂತರು. ತಾಯಿ ಹಕ್ಕಿ ಮಿಡತೆ ಕಚ್ಚಿಕೊಂಡು ತಂತಿಯ ಮೇಲೆ ಬಂದು ಕೂತಿತು. ಬಾಲ ಎತ್ತಿ ಇಳಿಸಿತು, ಪೆಟ್ಟಿಗೆಯವರೆಗೆ ಬಂತು, ಹಾರಿಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಶಾಯಿಸ್ತಾ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಐದನೇ ಸಲಕ್ಕೆ ಹಕ್ಕಿ ಒಳಗೆ ಹೋಯಿತು. ಚಿಲಿಪಿಲಿ ಎದ್ದಿತು.

ಆಮೇಲೆ ನೋಡಿದರೆ ಮೂರು ಬಾಯಿಗಳು ತೆರೆದಿದ್ದವು. ನಾಲ್ಕನೆಯ ಮರಿಯನ್ನು ಪಾರ್ವತವ್ವ ಅಂಗೈಲಿಟ್ಟು ಎಷ್ಟು ಊದಿದರೂ ಅದು ಅಲ್ಲಾಡಲಿಲ್ಲ.

“ನಿನ್ನ ಪುಸ್ತಕದಾಗ ಏನಂತ ಬರೀತಿ?” ಮುದುಕಿ ಮರಿಯನ್ನು ಕೆಳಗಿಡದೆ ಕೇಳಿದಳು. “ಪಾರ್ವತವ್ವ ಕೊಂದ್ಳು ಅಂತನಾ?”

ಶಾಯಿಸ್ತಾ ಗೂಡಿನ ಲೆಕ್ಕದ ಪುಸ್ತಕ, ಪೆನ್ನು ತೆಗೆದಳು. ‘ಸಾವಿನ ಕಾರಣ’ ಎಂಬ ಕಾಲಮ್ಮಿನಲ್ಲಿ “ನಾನು ಪೂರ್ತಿ ಹೇಳಲಿಲ್ಲ” ಎಂದು ಬರೆದು, ಅವಳಿಗೆ ಓದಿ ಹೇಳಿದಳು.