ಗೇಟಿನ ಕೆಲಸ

ಹಾಲ್ಕುರಿಕೆಯ ಸಣ್ಣತಿಮ್ಮಯ್ಯ ತೆಂಗಿನಮರ ಹತ್ತಿ ಕಾಯಿ ಕೀಳುವ ಗುತ್ತಿಗೆ ಹಿಡಿಯುತ್ತಿದ್ದ. ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಗೆಯಲ್ಲಿ ಮರದಿಂದ ಜಾರಿ ಬಿದ್ದು ಅವನ ಭುಜದ ಕೀಲು ತಪ್ಪಿತು. ಭುಜ ವಾಸಿಯಾಯಿತು, ಹೆಂಡತಿ ಸಿದ್ದಕ್ಕನ ದಿಗಿಲು ವಾಸಿಯಾಗಲಿಲ್ಲ.

ಸಿದ್ದಕ್ಕ ತಿಪಟೂರಿನ ಎಣ್ಣೆ ಮಿಲ್ಲಿನಲ್ಲಿ ಕೊಬ್ಬರಿ ಹಸನು ಮಾಡುವ ದಿನಗೂಲಿ. ಅಲ್ಲಿ ಹಗಲು ಗೇಟು ಕಾಯುತ್ತಿದ್ದವನು ಕೆಲಸ ಬಿಟ್ಟಾಗ, ಸಾಹುಕಾರ ಬಸವರಾಜಪ್ಪನವರನ್ನು ಕಾಡಿ ಬೇಡಿ ಆ ಜಾಗವನ್ನು ಗಂಡನಿಗೆ ಕೊಡಿಸಿದಳು. ಕಾಯಂ ಕೆಲಸ, ತಿಂಗಳ ಸಂಬಳ, ಹಬ್ಬಕ್ಕೆ ಬೋನಸ್ಸು.

ಸಣ್ಣತಿಮ್ಮಯ್ಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಉಣ್ಣುವಾಗ ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ತೋಟದವರು ಗುತ್ತಿಗೆ ಮಾತಾಡಲು ಬಂದರೆ ನಾಳೆ ಬನ್ನಿ ಎಂದು ಕಳಿಸುತ್ತಿದ್ದ. ಕೊನೆಗೊಂದು ಸೋಮವಾರ ಖಾಕಿ ಅಂಗಿ ತೊಟ್ಟು ಗೇಟಿನಲ್ಲಿ ಕೂತ. ಕೂತ, ಎದ್ದ, ರಸ್ತೆಯವರೆಗೆ ಹೋಗಿ ಬಂದ, ಮತ್ತೆ ಕೂತ. ಮಧ್ಯಾಹ್ನ ಎದುರಿನ ತೋಟದಲ್ಲಿ ಯಾರೋ ಕಾಯಿ ಕೆಡವತೊಡಗಿದರು. ದೊಪ್ಪೆಂದು ಬೀಳುವ ಸದ್ದು ಕೇಳಿ ಕೇಳಿ ಅವನಿಗೆ ತಡೆಯಲಾಗಲಿಲ್ಲ. ಅಂಗಿ ಕಳಚಿ ಗುಮಾಸ್ತರ ಮೇಜಿನ ಮೇಲಿಟ್ಟು ಹೊರಟೇಬಿಟ್ಟ.

"ಒಂದು ದಿನ ಕೂರಾಕಾಗ್ಲಿಲ್ವಾ ನಿಂಗೆ?" ಸಂಜೆ ಮನೆಗೆ ಬಂದ ಸಿದ್ದಕ್ಕ ಕೂಗಾಡಿದಳು.

"ಕೂತ್ರೆ ಮೈಗೆಲ್ಲ ಇರುವೆ ಹತ್ತಿದಂಗಾಯ್ತದೆ ಕಣೇ."

"ಮರ ಹತ್ತಾಕೆ ಭಯ ಇಲ್ವಾ?"

"ಐತೆ. ಆದ್ರೂ ಹತ್ತುತೀನಿ, ಬುಡು."

ಮಾರನೆಯ ಬೆಳಿಗ್ಗೆ ಸಿದ್ದಕ್ಕ ಸಾಹುಕಾರರ ಮುಂದೆ ಹೋಗಿ ನಿಂತಳು.

"ಆ ಗೇಟಿನ ಕೆಲ್ಸ ನಂಗೇ ಕೊಡಿ ಬುದ್ಧಿ."

"ಹೆಂಗಸು ಗೇಟು ಕಾಯೋದೇನಮ್ಮ?"

"ಹಗಲೊತ್ತು ತಾನೆ? ಲಾರಿ ಬಂದ್ರೆ ಬಾಗಿಲು ತೆಗೀಬೇಕು, ಹೋದ್ರೆ ಮುಚ್ಚಬೇಕು. ಅದಕ್ಕೆ ಗಂಡಸೇ ಯಾಕೆ?"

ಬಸವರಾಜಪ್ಪ ನಕ್ಕರು. ಅವಳು ನಗಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. "ಒಂದು ತಿಂಗಳು ನೋಡೋಣ" ಎಂದರು. ತಿಂಗಳಾದ ಮೇಲೆ ಅವಳನ್ನು ಕಾಯಂ ಮಾಡಿದರು.

ಸುದ್ದಿ ಕೇಳಿ ಸಣ್ಣತಿಮ್ಮಯ್ಯನಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಅದೇ ವಾರ ಕೆಂಕೆರೆ ಕಡೆಯ ತೋಟಗಳ ಗುತ್ತಿಗೆ ಒಪ್ಪಿಕೊಂಡ. ಕೆಲಸ ಮುಗಿಯುವವರೆಗೆ ಅಲ್ಲೇ ಉಳಿಯಬೇಕು. ಹೊರಡುವ ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಕಾದು ನಿಂತರು. ಹೋಗು ಎನ್ನಲು ಸಿದ್ದಕ್ಕನಿಗೆ ಬಾಯಿ ಬರಲಿಲ್ಲ. ಬೇಡ ಎನ್ನಲು ಮನಸ್ಸಾಗಲಿಲ್ಲ. ತಿಪಟೂರಿನ ಬಸ್ಸೇ ಮೊದಲು ಬಂತು. ಹತ್ತಿ ಕೂತು ಕಿಟಕಿಯಿಂದ ತಲೆ ಹೊರಹಾಕಿ, "ಗಾಳಿ ಎದ್ರೆ ಇಳಿದುಬುಡು" ಎಂದಳು. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ, ಕೈಯೆತ್ತಿದ.