ನಾಲಿಗೆಗೆ ಹಚ್ಚಿದ ಮಣ್ಣು

"ಉಗುಳೋ ಬೋಳಿಮಗನೆ, ಉಗುಳು."

ಬೆಂಗಳೂರಿನಿಂದ ಬಂದ ಪೊಲೀಸ್ ಸಾಹೇಬನ ಹೆಬ್ಬೆರಳು ಉಸ್ತಾದರ ದವಡೆಯೊಳಗೆ ಹೊಕ್ಕಿತ್ತು. ಅಬ್ದುಲ ಮಜೀದ ಉಸ್ತಾದರಿಗೆ ಅರವತ್ತೆಂಟು. ಬಿದ್ರಿ ಹೂಜಿಗಳಿಗೆ ಬೆಳ್ಳಿ ಕೂರಿಸುತ್ತ ಅರ್ಧ ಕಣ್ಣು ಕಳೆದುಕೊಂಡವರು. ನಾನು ಅವರ ಕಾರ್ಖಾನೆಯ ಆಳು.

ಕಾರ್ಖಾನೆ ಜಾಲಾಡುತ್ತ ಒಂದು ಡಬ್ಬಿ ತೆರೆದು ಇದೇನೆಂದು ಸಾಹೇಬ ಕೇಳಿದ್ದ. ಕೋಟಿ ಮಣ್ಣರಿ ಎಂದು ಉಸ್ತಾದರು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ತೋರಿಸಿದರು. ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಯ ಮಣ್ಣದು. ನವಸಾಗರದ ಉಪ್ಪು ಬೆರೆಸಿ ಉಜ್ಜಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಮಣ್ಣು ಒಳ್ಳೆಯದೋ ಇಲ್ಲವೋ ನಾಲಿಗೆಯೇ ಹೇಳಬೇಕು. ಐವತ್ತು ವರ್ಷದ ರೂಢಿ. ಸಾಹೇಬನಿಗೆ ಮಾತ್ರ ಮುದುಕ ಸಾಕ್ಷಿ ನುಂಗಿದಂತೆ ಕಂಡಿತು.

ಲಾಠಿ ಬಾಯಿಗೆ ಬಿತ್ತು. ಎರಡು ಹಲ್ಲು ಮಣ್ಣಿನ ಜೊತೆ ಹೊರಬಂದವು.

ನಮ್ಮಿಬ್ಬರನ್ನೂ ಠಾಣೆಗೆ ಒಯ್ಯಲಿಲ್ಲ. ಊರ ಹೊರಗೆ ಕೊಳಾರದ ಒಂದು ಬಂದ್ ಗೋದಾಮಿಗೆ ಒಯ್ದರು. ಬೋರ್ಡಿಲ್ಲ, ಕಿಟಕಿಯಿಲ್ಲ. ಉಸ್ತಾದರನ್ನು ಕಂಬಕ್ಕೆ ಬಿಗಿದರು.

"ಯಾವ ಕೇಸ್ರಿ ಸಾಹೇಬ್ರ?" ಎಂದೆ.

"ದೇಶದ ಭದ್ರತೆ. ಜಡ್ಜಿಗೇ ಮುಚ್ಚಿದ ಲಕೋಟೇಲಿ ಕೊಡ್ತೀವಿ. ನಿನಗೆ ಹೇಳ್ಬೇಕೇನೋ?" ಅವನು ಒಂದು ಫೈಲು ಬಿಡಿಸಿದ. "ನಾಗಸೇನ. ಔರಾದ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನಿನ್ನ ತಂಗಿ ಕರುಣಾ ಗಂಡನ ಹತ್ರ ಒದೆ ತಿಂದು ವಾಪಸ್ ಬಂದಿದಾಳೆ. ಬಸುರಿ ಬೇರೆ. ಆರು ತಿಂಗಳಿಂದ ಕೇಳ್ತಿದೀವಿ, ನಿಮ್ಮಮ್ಮ ಫೋನಲ್ಲಿ ಚೆನ್ನಾಗಿ ಅಳ್ತಾಳೆ ಕಣೋ."

ಆ ಮಾತು ಅವ್ವ ನನಗೊಬ್ಬನಿಗೇ ಹೇಳಿದ್ದಳು. ಆರು ತಿಂಗಳು ಕದ್ದು ನಮ್ಮ ಅಳು ಕೇಳಿದ ಈ ಹಲ್ಕಟ್ಟರಿಗೆ ಮಣ್ಣು ಯಾಕೆ ಬೇಕೆಂಬುದು ಮಾತ್ರ ಕೇಳಿಸಿರಲಿಲ್ಲ.

ಅವನು ಖಾಲಿ ಹಾಳೆ ತಳ್ಳಿದ. "ಕೆಳಗೆ ಸೈನ್ ಹಾಕು. ಮೇಲಿಂದು ನಾವು ಬರ್ಕೋತೀವಿ. ಮುದುಕನ ಹತ್ರ ಸ್ಫೋಟಕ ಸಿಕ್ತು, ನೀನು ಕಣ್ಣಾರೆ ನೋಡ್ದೆ. ಜೈ ಭೀಮ್ ಹುಡುಗನ ಸಾಕ್ಷಿ ಅಂದ್ರೆ ಗಟ್ಟಿ."

"ಹಾಕೋ ತಮ್ಮ," ಎಂದ ಪೇದೆ ಸಿದ್ದೇಶ್ವರ. ಭಾಲ್ಕಿಯವನು. "ಆ ಮುದುಕ ನಿನಗೇನ ಕಾಕಾನೋ, ಮಾಮಾನೋ? ದಿನಾ ಬೈದು ದುಡಿಸ್ಕೊಂಡಾನ."

ಅದು ಖರೆ. ಉಸ್ತಾದರು ಗಧಾ ಅನ್ನದ ದಿನವಿಲ್ಲ. ತಾವು ಕುಡಿದ ಲೋಟವನ್ನೇ ನನ್ನ ಕೈಗಿಟ್ಟವರೂ ಅವರೇ. ಬೇರೆ ಯಾರೂ ಕೊಟ್ಟಿಲ್ಲ.

"ದಸ್ತಖತ್ ಹಾಕ್ ಬೇಟಾ," ಉಸ್ತಾದರ ಬಾಯಿಂದ ರಕ್ತದ ಜೊತೆ ಮಾತು ಸೋರಿತು. "ನಾ ಇಂದಿಲ್ಲ ನಾಳಿ ಸಾಯಾಂವ. ನಿನ್ನ ತಂಗೀನ ಯಾರ ನೋಡ್ತಾರ? ಹೋಗೋ ಗಧಾ."

ಸಿದ್ದೇಶ್ವರ ಅವರ ಅಂಗಾಲಿಗೆ ಬಾರಿಸಿದ. ಒಂದು, ಎರಡು. ಮೂರನೆಯದಕ್ಕೆ ಉಸ್ತಾದರು ಉಚ್ಚೆ ಹೊಯ್ದುಕೊಂಡರು. ಸಾಹೇಬ ನಕ್ಕ.

"ಪೆನ್ ಕೊಡ್ರಿ," ಎಂದೆ.

ಬರೆದೆ: ಕೋಟೆ ಮಣ್ಣು ಅಗೆದು ತಂದವ ನಾನು. ಉಸ್ತಾದರ ಹಲ್ಲು ಮುರಿದವ ಈ ಸಾಹೇಬ. ಕೆಳಗೆ ಸಹಿ ಹಾಕಿದೆ.

ಸಾಹೇಬ ಓದಿದ, ಹರಿದ. ನನ್ನ ಬಲಗೈಯನ್ನು ಮೇಜಿಗೆ ಒತ್ತಿಸಿ ಲಾಠಿ ಎತ್ತಿದ. ಮೂರು ಬೆರಳು ಹಸಿ ಕಡ್ಡಿಯಂತೆ ಮುರಿದವು. ನಾನು ಚೀರಿದೆ, ಸುಳ್ಳು ಯಾಕೆ ಹೇಳಲಿ.

"ಇನ್ನೊಂದು ಹಾಳೆ ತಗೊಳ್ಳಿ. ಹೆಬ್ಬೆಟ್ಟು ಒತ್ಸಿ, ಸಾಕು."

ಮೇಜಿನ ಮೇಲೆ ನಮ್ಮ ಕಾರ್ಖಾನೆಯಿಂದ ಜಪ್ತಿ ಮಾಡಿದ ಉಳಿಗಳಿದ್ದವು. ಎಡಗೈಯಲ್ಲಿ ಒಂದನ್ನು ಎತ್ತಿಕೊಂಡೆ. ಸಾಹೇಬ ಗೋಡೆಗೆ ಹಾರಿದ. ಪಿಸ್ತೂಲು ಹೊರಬಂತು.

"ಬಿಡೋ ಭಾಡ್ಯಾ, ಸುಟ್ ಬಿಡ್ತಾರ ನಿನಗ," ಎಂದು ಸಿದ್ದೇಶ್ವರ ನನ್ನ ಕತ್ತು ಹಿಡಿದ.

ನಾನು ಯಾರನ್ನೂ ತಿವಿಯಲಿಲ್ಲ. ಮೇಜಿನ ಮೇಲಿಟ್ಟ ಹೊಸ ಹಾಳೆಗೆ ಉಳಿ ಊರಿ ಮೈಭಾರ ಹಾಕಿದೆ. ಹಾಳೆ ಹರಿದು ಉಳಿ ಮೇಜಿನ ಕಟ್ಟಿಗೆಯಲ್ಲಿ ಇಳಿಯಿತು. 'ಮಣ್ಣು ತಂದವ' ಎಂಬಷ್ಟು ಕೊರೆದೆ. ಪಿಸ್ತೂಲಿನ ನಳಿಕೆ ಕಿವಿಯ ಹಿಂದೆ ತಣ್ಣಗೆ ತಗುಲಿತು.

ನನ್ನ ಹೆಸರು ಕೊರೆಯುವುದು ಇನ್ನೂ ಉಳಿದಿತ್ತು. ಉಳಿ ಎತ್ತಿ ಮುಂದಿನ ಅಕ್ಷರಕ್ಕೆ ಇಟ್ಟೆ.