ತಕ್ಕಡಿಯ ಮೇಲೆ ಬೆಳೆದ ಮರಿ

ತಕ್ಕಡಿ ರಿಪೇರಿ ಮಾಡುವವನ ಕೈಗೆ ನಾಯಿಮರಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು ಎಂದುಕೊಂಡಳು ಅಕ್ಕ. ತಮ್ಮ ದಿನವೂ ಬೆಳಿಗ್ಗೆ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ಮರಿಯನ್ನು ನಿಲ್ಲಿಸಿ ಬಂದವರಿಗೆಲ್ಲ ಮುಳ್ಳು ತೋರಿಸುತ್ತಿದ್ದ.

"ನಾಲ್ಕೇ ತಿಂಗಳು, ಇಪ್ಪತ್ತೆಂಟು ಕಿಲೋ!"

"ನೀನೇ ಹೆತ್ತ ಹಾಗೆ ಮೆರೀಬೇಡ" ಎನ್ನುತ್ತಿದ್ದಳು ಅಕ್ಕ.

ಕುದುರೆಯಷ್ಟು ಎತ್ತರ ಬೆಳೆಯುವ ಜಾತಿಯಂತೆ. ಅದಕ್ಕೇ ಮೂರು ಹೊತ್ತೂ ಬಟ್ಟಲು ತುಂಬ ಊಟ, ನಡುನಡುವೆ ಹಾಲು, ಮೊಟ್ಟೆ. ಸಾಲದ್ದಕ್ಕೆ ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಪುಡಿ. ಒಂದು ದಿನ ಮರಿ ನಾಲ್ಕು ಹೆಜ್ಜೆ ನಡೆದು ಕುಸಿದು ಕೂತಿತು. ಮುಂಗಾಲುಗಳು ಬಿಲ್ಲಿನಂತೆ ಬಾಗಿದ್ದವು.

"ಮೂಳೆ ಬಲಿಯೋಕೆ ಮೊದಲೇ ಇಷ್ಟು ಭಾರ ಹೊರಿಸಿದ್ರೆ ಇನ್ನೇನಾಗುತ್ತೆ?" ಎಂದರು ನಾಯಿ ಡಾಕ್ಟರಮ್ಮ. "ಪುಡಿ ಇವತ್ತೇ ನಿಲ್ಸಿ, ಕ್ಯಾಲ್ಸಿಯಂ ಜಾಸ್ತಿ ಆದ್ರೂ ಮೂಳೆ ಕೆಡುತ್ತೆ. ದೊಡ್ಡ ಜಾತಿ ಮರಿಗಳಿಗೇ ಅಂತ ಇರೋ ಆಹಾರ ಅಳೆದು ಹಾಕಿ. ನಿಧಾನಕ್ಕೆ ಬೆಳೀಲಿ. ಇಲ್ಲಾಂದ್ರೆ ಜೀವಮಾನವೆಲ್ಲ ಕುಂಟುತ್ತೆ."

"ಎಷ್ಟು ಕಿಲೋ ಇರಬೇಕು ಮೇಡಂ?"

"ಕಿಲೋ ಬಿಡಿ. ಕೈಯಿಟ್ರೆ ಪಕ್ಕೆಲುಬು ಸಿಗಬೇಕು, ಅಷ್ಟೇ."

ಕೈಯಿಟ್ಟು ತಡಕಿದ ತಮ್ಮ. ಸಿಗಲಿಲ್ಲ.

"ಹುಡುಕು ಹುಡುಕು. ನಿನ್ನ ಬುದ್ಧೀನೂ ಅಲ್ಲೇ ಎಲ್ಲೋ ಹೂತುಹೋಗಿರಬೇಕು" ಎಂದಳು ಅಕ್ಕ. ಅವನು ಮರಿಯ ಮೈಮೇಲಿಂದ ಕೈ ತೆಗೆಯಲಿಲ್ಲ.

ಇವನ ವ್ರತ ಎರಡು ದಿನ ನಡೆದರೆ ಹೆಚ್ಚು ಎಂದುಕೊಂಡಿದ್ದಳು. ಆದರೆ ಅಳತೆ ಒಂದು ಕಾಳೂ ಹೆಚ್ಚಲಿಲ್ಲ. ಮರಿ ಕುಂಯ್‌ಗುಟ್ಟುತ್ತ ಬಾಯಿ ನೋಡುತ್ತಿದ್ದರೆ ತಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ, ಹಳೆಯ ತೂಕದ ಕಲ್ಲುಗಳ ನಡುವೆ ನಿಂತೇ ಉಣ್ಣುತ್ತಿದ್ದ. ಅಕ್ಕ ಬಾಗಿಲ ಸಂದಿಯಿಂದ ನೋಡಿದಳು. ಏನೋ ಅನ್ನಲು ಹೊರಟವಳು ಒಂದು ಸ್ಟೂಲು ಒಳಗೆ ತಳ್ಳಿ ಬಂದಳು.

ಎರಡು ತಿಂಗಳ ಮೇಲೆ ದಿನಸಿ ಅಂಗಡಿಯ ಸಾಹುಕಾರ ತಕ್ಕಡಿ ರಿಪೇರಿಗೆ ತಂದ.

"ಏನಯ್ಯಾ, ಕುದುರೆ ಅಂತಿದ್ದೆ, ಬಡಕಲು ಕತ್ತೆ ಆಗಿದೆಯಲ್ಲ! ಹೊಟ್ಟೆಗೆ ಹಾಕಲ್ವಾ ಅದಕ್ಕೆ?"

ಪಕ್ಕದಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಲೇ ಇದ್ದ ತಮ್ಮ. ಅಕ್ಕನಿಗೆ ಮೈ ಉರಿಯಿತು. ಇವನನ್ನು ಹಂಗಿಸುವ ಹಕ್ಕು ತನ್ನದು; ಊರವರಿಗೆ ಅದನ್ನು ಯಾರು ಕೊಟ್ಟರು?

"ಸಾಹುಕಾರ್ರೇ, ಹೊಟ್ಟೆ ವಿಷಯ ನೀವು ಎತ್ತಬಾರದಿತ್ತು. ನಿಮಗೆ ಯಾರೂ ಅಳೆದು ಹಾಕಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ. ಮರಿ ಕಾಲು ನೋಡಿ, ಕಾಲು! ಕಂಬ ನಿಂತ ಹಾಗೆ ನಿಂತಿದೆ."

"ಎಡಗಾಲು ಇನ್ನೂ ಒಂಚೂರು ಸೊಟ್ಟ ಇದೆ ಅಕ್ಕಾ" ಎಂದ ತಮ್ಮ ಮೆಲ್ಲಗೆ.

"ಬಾಯಿ ಮುಚ್ಚೋ ಪೆದ್ದ" ಎಂದಳು ಅಕ್ಕ. "ನಾನು ಮಾತಾಡ್ತಿಲ್ವಾ?"